ಶಾಲೆಯ ಡ್ರಮ್-ಬ್ಯೂಗಲ್ ಸೆಟ್: ಹಳಬರು ಯಾರಿದ್ದೀರಿ, ಬನ್ನಿ ಇಲ್ಲಿ

ಹಳೇ ಗೋಡೌನ್
ನಮ್ಮೂರ ಹೈಸ್ಕೂಲಿಗೆ ಸುವರ್ಣ ಮಹೋತ್ಸವ. ನಿಂತುಹೋಗಿರೋ ಬ್ಯಾಂಡ್ ಸೆಟ್ಟನ್ನ ಜನವರಿ 26ಕ್ಕೆ ಮತ್ತೆ ಮೈದಾನಕ್ಕಿಳಿಸಬೇಕು ಅಂತ ಹಳೇ ವಿದ್ಯಾರ್ಥಿಗಳ ಸಂಘದವರು ಹೊರಟಿದ್ದಾರೆ. ಸ್ಟೋರ್ ರೂಮಲ್ಲಿ ಸಿಕ್ಕಿದ್ದು ಇಷ್ಟು: ಹಗ್ಗದ ಸೈಡ್ ಡ್ರಮ್ 4, ಸ್ಕ್ರೂ ಸೈಡ್ ಡ್ರಮ್ 2, 28 ಇಂಚಿನ ಬೇಸ್ ಡ್ರಮ್ 1, ಬ್ಯೂಗಲ್ 6 (ಎರಡರಲ್ಲಿ ಮೌತ್‌ಪೀಸ್ ಕಚ್ಚಿಕೊಂಡು ಬರ್ತಾ ಇಲ್ಲ), ಸಿಂಬಲ್ ಒಂದು ಜೊತೆ, ಟ್ರಯಾಂಗಲ್, ಮೇಸ್ (ಮುಂದೆ ನಡೆಯೋರು ಸಂಜ್ಞೆ ಕೊಡೋಕೆ ಹಿಡಿಯೋ ಕೋಲು).

ಕಮಿಟಿಯಲ್ಲಿ ಅರ್ಧ ಜನ "ಬ್ಯೂಗಲ್‌ನಲ್ಲಿ ಹಾಡೇ ಬರಲ್ಲ, ಗುಜರಿಗೆ ಹಾಕಿ ಟ್ರಂಪೆಟ್ ತಗೊಳ್ಳಿ" ಅಂತಾರೆ. ಉಳಿದರ್ಧಕ್ಕೆ ಆ ಹಳೇ ಸದ್ದೇ ಬೇಕು. ರಿಪೇರಿ ಆಗತ್ತಾ? 8-9ನೇ ಕ್ಲಾಸಿನ ಮಕ್ಕಳಿಗೆ ಮೂರು ತಿಂಗಳಲ್ಲಿ ಏನೇನು ಕಲಿಸಬಹುದು? ನಿಮ್ಮ ಕಾಲದಲ್ಲಿ ಸಾಲು ಹೇಗಿತ್ತು, ಬೀಟ್ ಹೇಗಿತ್ತು, ಎಲ್ಲಾ ಬರೀರಿ. ಕಥೆ ಬೇಡ, ಕೆಲಸಕ್ಕೆ ಬರೋದು ಬೇಕು 🙂

ಒಂದೇ ಮಾತು
ಬ್ಯೂಗಲ್ ಗುಜರಿಗೆ ಹಾಕಿದ್ರೆ ಪಾಪ ತಟ್ಟತ್ತೆ.

ಹಿತ್ತಾಳೆ ರಿಪೇರಿ
ಮೊದಲು ಮೌತ್‌ಪೀಸ್ ವಿಷಯ. ದಯವಿಟ್ಟು ಯಾರ ಕೈಗೂ ಇಕ್ಕಳ ಕೊಡಬೇಡಿ. ಇಕ್ಕಳ ಹಾಕಿ ತಿರುಗಿಸಿದ್ರೆ ಮೌತ್‌ಪೀಸ್ ಬರೋ ಬದಲು ಅದು ಕೂತಿರೋ ಕೊಳವೆಯೇ ತಿರುಚಿಕೊಳ್ಳತ್ತೆ, ಬೆಸುಗೆ ಬಿಡತ್ತೆ. ಹೊರಗಿನ ಕೊಳವೆ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೌತ್‌ಪೀಸ್ ಬಟ್ಟಲಿಗೆ ಐಸ್ ತುಂಡು ಹಾಕಿ. ಹೊರಗಿನದು ಹಿಗ್ಗತ್ತೆ, ಒಳಗಿನದು ಕುಗ್ಗತ್ತೆ. ಆಮೇಲೆ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಕೈಯಲ್ಲೇ ತಿರುಗಿಸಿ ತೆಗೀರಿ. ಬರಲಿಲ್ಲ ಅಂದ್ರೆ ಒಂದು ರಾತ್ರಿ ಸೀಮೆಎಣ್ಣೆ ಹನಿ ಬಿಟ್ಟು ಮತ್ತೆ ನೋಡಿ. ಹಾಗೂ ಬಗ್ಗದಿದ್ರೆ ವಾದ್ಯದ ಅಂಗಡಿಯಲ್ಲಿ ಪುಲ್ಲರ್ ಇರತ್ತೆ, ಅಲ್ಲಿಗೆ ಒಯ್ಯಿರಿ.

ಸೋರಿಕೆ ನೋಡೋಕೆ ಒಂದು ತುದಿ ಮುಚ್ಚಿ ಒಳಗೆ ನೀರು ತುಂಬಿಸಿ. ಎಲ್ಲಿ ಹನಿ ಕಾಣತ್ತೋ ಅಲ್ಲಿ ಬೆಸುಗೆ ಹೋಗಿದೆ. ಹಿತ್ತಾಳೆ ಪಾತ್ರೆಗೆ ಬೆಸುಗೆ ಹಾಕೋರೇ ಇದನ್ನೂ ಮಾಡ್ತಾರೆ, ಆದ್ರೆ ಒಳಗಡೆ ಸೀಸದ ಉಂಡೆ ಉಳಿಯಬಾರದು ಅಂತ ಹೇಳಿ ಮಾಡಿಸಿ. ಇನ್ನು ತಗ್ಗು. ಅಗಲವಾದ ಬಾಯಿ ಹತ್ತಿರ ತಗ್ಗು ಬಿದ್ದಿದ್ರೆ ನೋಡೋಕೆ ಅಸಹ್ಯ ಅಷ್ಟೇ, ಸದ್ದಿಗೆ ದೊಡ್ಡ ತೊಂದರೆಯಿಲ್ಲ. ಊದುವ ತುದಿಯ ಸಣ್ಣ ಕೊಳವೆಯಲ್ಲಿ ಕಾಳಿನಷ್ಟು ತಗ್ಗಿದ್ರೂ ಒಂದು ಸ್ವರ ಕೈಕೊಡತ್ತೆ. ಅಂಥ ತುತ್ತೂರಿಯನ್ನ ಅಭ್ಯಾಸಕ್ಕೆ ಇಟ್ಕೊಳ್ಳಿ.

ಪಿಟಿ ಮೇಡಂ
ಹೊಳಪಿಗೆ ಹುಣಸೆಹಣ್ಣು ಸಾಕಲ್ವಾ? ಎಲ್ಲಾ ಶಾಲೆಯಲ್ಲೂ ಆಗಸ್ಟ್ 14ರ ಸಂಜೆ ಅದೇ ತಾನೇ ನಡೀತಿದ್ದಿದ್ದು. ಒಂದು ಕಡೆ ಹುಣಸೆ ರಸ, ಇನ್ನೊಂದು ಕಡೆ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ.

ಹಿತ್ತಾಳೆ ರಿಪೇರಿ
ಸಾಕು ಮೇಡಂ, ಆದ್ರೆ ಹಚ್ಚಿ ಬಿಟ್ಟು ಊಟಕ್ಕೆ ಹೋಗಬಾರದು. ಹುಳಿ ಹೆಚ್ಚು ಹೊತ್ತು ನಿಂತ್ರೆ ಹಿತ್ತಾಳೆಯಲ್ಲಿರೋ ಸತುವನ್ನ ತಿನ್ನತ್ತೆ, ತಾಮ್ರ ಮೇಲೆ ಬಂದು ಗುಲಾಬಿ ಕಲೆ ಉಳಿಯತ್ತೆ. ಉಜ್ಜಿದ ಕೂಡಲೇ ಧಾರಾಳ ನೀರು, ತಕ್ಷಣ ಒಣಬಟ್ಟೆ. ಒಳಗಡೆಗೆ ಹುಳಿ ಬೇಡವೇ ಬೇಡ, ಉಗುರುಬೆಚ್ಚನೆ ನೀರು ಸಾಕು. ಮೆರುಗೆಣ್ಣೆ ಬಳಿದಿರೋ ಹೊಸ ಬ್ಯೂಗಲ್ ಆದ್ರೆ ಹುಣಸೆಯೂ ಬೇಡ, ಬ್ರಾಸೋನೂ ಬೇಡ, ಬರೀ ಮೆತ್ತನೆ ಬಟ್ಟೆ.

ತಕಧಿಮಿ ಮೈಸೂರು
"ಹಾಡೇ ಬರಲ್ಲ" ಅನ್ನೋರಿಗೆ ಒಂದು ಲೆಕ್ಕ. ಬ್ಯೂಗಲ್ ಅಂದ್ರೆ ಸುಮಾರು ನಾಲ್ಕೂವರೆ ಅಡಿ ಉದ್ದದ ಕೊಳವೆ, ಸುತ್ತಿ ಇಟ್ಟಿದ್ದಾರೆ. ಬೆರಳಲ್ಲಿ ಒತ್ತಿ ಸ್ವರ ಬದಲಿಸೋ ವಾಲ್ವ್ ಇಲ್ಲ, ರಂಧ್ರ ಇಲ್ಲ. ತುಟಿ ಬಿಗಿ ಬದಲಾದ ಹಾಗೆ ಬರೋದು ಐದೇ ಸ್ವರ: ಸ, ಪ, ಮೇಲಿನ ಸ, ಅದರ ಮೇಲಿನ ಗ, ಅದರ ಮೇಲಿನ ಪ. ರಿ, ಮ, ದ ಇಲ್ಲವೇ ಇಲ್ಲ. ಇನ್ನೂ ಬಿಗಿ ಮಾಡಿದ್ರೆ ಒಂದು ನಿಷಾದ ಸಿಗತ್ತೆ, ಆದ್ರೆ ಅದು ಹಾರ್ಮೋನಿಯಂ ನಿಷಾದಕ್ಕಿಂತ ಚೆನ್ನಾಗಿಯೇ ಕೆಳಗೆ ಕೂತಿರತ್ತೆ, ಶಾಲೆ ಬ್ಯಾಂಡಲ್ಲಿ ಬಳಸೋ ಹಾಗಿಲ್ಲ.

ಈ ಗಾಂಧಾರ ಇದೆಯಲ್ಲ, ಇದು ಕೀಬೋರ್ಡಿನ ಗಾಂಧಾರಕ್ಕಿಂತ ಕೂದಲೆಳೆ ಕಡಿಮೆ. ತಂಬೂರಿ ಜೊತೆ ಕೇಳಿ, ಅಲ್ಲಾಡದೆ ಕೂತ್ಕೊಳ್ಳತ್ತೆ. ಆರು ಬ್ಯೂಗಲ್ ಒಟ್ಟಿಗೆ ಸ-ಗ-ಪ ಹಿಡಿದಾಗ ಮೈ ಝುಂ ಅನ್ನೋದು ಇದಕ್ಕೇ. ಟ್ರಂಪೆಟ್ ತಂದು ಅದೇ ಸದ್ದು ಬೇಕು ಅಂದ್ರೆ ಹೇಗೆ ಬರತ್ತೆ?

ಹಾಗಾಗಿ ಹಾಡು ಹೇಳೋದು ಕೊಳಲಿನ ಕೆಲಸ. ಬ್ಯೂಗಲ್ ಕೆಲಸ ಏನಿದ್ರೂ ಆರಂಭದ ಘೋಷ, ಸಾಲಿನ ಕೊನೆಗೆ ಉತ್ತರ, ಸಲಾಮಿ.

ಬೆಳಗಾವಿ ಬ್ಯೂಗಲ್
ಖರೇ ಮಾತ್ರೀ. ಐದ ಸ್ವರದಾಗ ಇಡೀ ಪಲ್ಟಣದ ದಿನಚರಿ ನಡೀತದ. ಎಬ್ಬಿಸೂದು, ಊಟಕ್ಕ ಕರಿಯೂದು, ಝಂಡಾ ಇಳಿಸೂದು, ಸತ್ತವರಿಗೆ ಕಡೀ ಸಲಾಮು, ಎಲ್ಲಾ ಇದರಾಗ ಬಂತು. ಅಮೆರಿಕಾದವರು ಅಂತ್ಯಸಂಸ್ಕಾರಕ್ಕ ಊದೂ 'ಟ್ಯಾಪ್ಸ್' ಅಂತೂ ಬರೇ 24 ಸ್ವರದ್ದು, ಅದರಾಗ ಬಳಸೂದು ನಾಕ ಸ್ಥಾನ. 1862ರಿಂದ ನಡಕೊಂಡ ಬಂದದ.

ನಮ್ಮ ಬೆಳಗಾವ್ಯಾಗ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಐತಿ, ಅವರ ಬಿಲ್ಲ್ಯಾಗನ (ಬ್ಯಾಡ್ಜಿನಾಗ) ಬ್ಯೂಗಲ್ ಐತಿ ನೋಡ್ರಿ. ಲೈಟ್ ಇನ್‌ಫಂಟ್ರಿ ನಡಗಿ ನಿಮಿಷಕ್ಕ 140 ಹೆಜ್ಜಿ, ಸಾದಾ ಕವಾಯತಿನ 120 ಅಲ್ಲ. ಈ ಕಡೆ ಹಳೇ ಸಾಲ್ಯಾಗ ಬೀಟ್ ಸ್ವಲ್ಪ ಓಡತಿತ್ತು ಅಂದ್ರ ಕಲಿಸಾಂವ ರಿಟೈರ್ ಆದ ಹವಾಲ್ದಾರ ಎಲ್ಲಿಂದ ಬಂದಾನ ಅಂತ ತಿಳಕೋಬೇಕು. ಮತ್ತ ಸೇವಾದಳ ಮರೀಬ್ಯಾಡ್ರಿ. ಹುಬ್ಬಳ್ಳಿ ಹರ್ಡೀಕರ ಡಾಕ್ಟರು 1923ರಾಗ ಹಿಂದೂಸ್ತಾನಿ ಸೇವಾದಳ ಕಟ್ಟಿದ್ರು. ಸಾಲ್ಯಾಗ ಕವಾಯತು ಊರಿದ್ದು ಬರೇ ಪಲ್ಟಣದಿಂದ ಅಲ್ಲ, ಅವರಿಂದಾನೂ.

ಮಲೆನಾಡು ಮಳೆಗಾಲ
ಹಗ್ಗದ ಡ್ರಮ್ ಬಗ್ಗೆ ಯಾರೂ ಬರೀಲಿಲ್ಲ, ಅಸಲು ತಲೆನೋವು ಅಲ್ಲೇ ಇರೋದು.

ಚರ್ಮ ಹರಿದಿದ್ರೆ ಹೊಸದು ಕಟ್ಟಬೇಕು. ಬಾರಿಸೋ ಕಡೆಗೆ ಸ್ವಲ್ಪ ದಪ್ಪ, ಸ್ನೇರ್ ತಂತಿ (ಚರ್ಮಕ್ಕೆ ತಾಗಿ ಗುನುಗೋ ತಂತಿ) ಇರೋ ಕೆಳಗಿನ ಕಡೆಗೆ ತೆಳು. ಅದಲುಬದಲು ಮಾಡಿದ್ರೆ ತಂತಿ ಗುನುಗೋದೇ ಇಲ್ಲ, ಬರೀ ಡಬ್ ಡಬ್. ಚರ್ಮವನ್ನ ತಣ್ಣೀರಲ್ಲಿ ಕೆಲವು ಗಂಟೆ ನೆನೆಸಿ, ಒದ್ದೆ ಬಟ್ಟೆ ಥರ ಮೆತ್ತಗಾಗಲಿ. ಬೇಗ ಆಗಲಿ ಅಂತ ಬಿಸಿನೀರಿಗೆ ಹಾಕಬೇಡಿ, ಚರ್ಮ ಮುದುರಿ ಕೆಟ್ಟೇ ಹೋಗತ್ತೆ. ಒಳಬಳೆಗೆ ಸುತ್ತಿ, ಅಂಚನ್ನ ಚಮಚದ ಹಿಡಿಯಿಂದ ಒಳಕ್ಕೆ ಒತ್ತಿ ಸಿಕ್ಕಿಸಿ. ಡ್ರಮ್ ಮೇಲೆ ಕೂರಿಸಿ, ಹೊರಬಳೆ ಹಾಕಿ, ಹಗ್ಗ ಅರ್ಧ ಬಿಗಿ ಮಾಡಿ ನೆರಳಲ್ಲಿ ಒಣಗಿಸಿ. ಒಣಗ್ತಾ ಚರ್ಮ ತಾನೇ ಬಿಗಿಯಾಗತ್ತೆ. ಹಸಿ ಇರುವಾಗಲೇ ಪೂರ್ತಿ ಎಳೆದು ಕಟ್ಟಿದ್ರೆ ಮಾರನೇ ದಿನ ಬೆಳಿಗ್ಗೆ ಬಿರುಕು ನೋಡ್ತೀರಿ.

ಹಗ್ಗದ ಮೇಲೆ ತೊಗಲಿನ ಕಿವಿಗಳಿರ್ತಾವಲ್ಲ, ಕೆಳಕ್ಕೆ ಎಳೆದ್ರೆ ಬಿಗಿ, ಮೇಲಕ್ಕೆ ತಳ್ಳಿದ್ರೆ ಸಡಿಲ. ಹಳೇ ಕಾಲದ ನಿಯಮ: ಕವಾಯತು ಮುಗಿದ ಕೂಡಲೇ ಎಲ್ಲಾ ಕಿವಿ ಮೇಲಕ್ಕೆ. ಈಗ ಸೆಟ್ಟಲ್ಲಿ ಒಂದೆರಡು ಡ್ರಮ್ ಹರಿದಿದ್ರೆ ಈ ನಿಯಮ ಯಾರೋ ಮರೆತಿದ್ದಾರೆ ಅಂತ ಅರ್ಥ. ಮಳೆಗಾಲದ ತೇವಕ್ಕೆ ಸಡಿಲವಾಗಿದೆ ಅಂತ ಎಳೆದು ಬಿಗಿ ಮಾಡ್ತಾರೆ, ಹಾಗೇ ಸ್ಟೋರಿಗೆ ಹಾಕ್ತಾರೆ, ಆಮೇಲೆ ಫೆಬ್ರವರಿ ಬಿಸಿಲಿಗೆ ಕೋಣೆ ಕಾಯತ್ತೆ, ಚರ್ಮ ಇನ್ನೂ ಬಿಗಿಯಾಗಿ ನಡುವೆ ಪಟ್ ಅನ್ನತ್ತೆ.

ಪಿಟಿ ಮೇಡಂ
ಇಷ್ಟೆಲ್ಲಾ ರಗಳೆ ಯಾಕೆ, ಪ್ಲಾಸ್ಟಿಕ್ ಹೆಡ್ ಹಾಕಿಸಿದ್ರೆ ಮಳೆಗೂ ಹೆದರಬೇಕಾಗಿಲ್ಲ.

ಮಲೆನಾಡು ಮಳೆಗಾಲ
ಸ್ಕ್ರೂ ಡ್ರಮ್ಮಿಗೆ ಧಾರಾಳವಾಗಿ ಹಾಕಿಸಿ. ಆದ್ರೆ ಅಂಗಡಿಗೆ ಹೋಗೋಕೆ ಮುಂಚೆ ಮರದ ಹೊರ ಅಳತೆ ಟೇಪಲ್ಲಿ ನೋಡಿ. 14 ಇಂಚು ಅಂತ ಕರೆಸಿಕೊಳ್ಳೋ ಹಳೇ ಡ್ರಮ್ಮುಗಳು ಎಷ್ಟೋ ಸಲ 14ಕ್ಕಿಂತ ಒಂದು ನೂಲು ಜಾಸ್ತಿ ಇರ್ತಾವೆ. ಪ್ಲಾಸ್ಟಿಕ್ ಹೆಡ್ಡಿನ ಅಲ್ಯೂಮಿನಿಯಂ ಬಳೆ ಹಿಗ್ಗಲ್ಲ, ಒತ್ತಿ ಕೂರಿಸಿದ್ರೆ ಸುಕ್ಕು ಬರತ್ತೆ, ಎಷ್ಟು ಬಿಗಿದ್ರೂ ಸುಕ್ಕು ಹೋಗಲ್ಲ.

ಬಿಗಿಯೋವಾಗ ಸುತ್ತ ವರಸೆಯಲ್ಲಿ ಹೋಗಬೇಡಿ. ಒಂದು ಸ್ಕ್ರೂ ಅರ್ಧ ಸುತ್ತು, ಆಮೇಲೆ ಅದರ ಎದುರಿನದು ಅರ್ಧ ಸುತ್ತು, ಹೀಗೆ. ಮುಗಿದ ಮೇಲೆ ಪ್ರತಿ ಸ್ಕ್ರೂ ಮುಂದೆ ಎರಡು ಇಂಚು ಒಳಗೆ ಕಡ್ಡಿಯಿಂದ ತಟ್ಟಿ ಕೇಳಿ, ಎಲ್ಲಾ ಕಡೆ ಒಂದೇ ಶ್ರುತಿ ಇರಬೇಕು. ಮೃದಂಗ ಕಲಿತ ಮಕ್ಕಳಿದ್ರೆ ಈ ಕೆಲಸ ಅವರಿಗೆ ಕೊಡಿ.

ಕುಡ್ಲದ ಕೊಳಲು
ಮಾರಾಯ್ರೆ, ಕೊಳಲಿನ ಮಾತು ಬಂತಲ್ಲ, ಅದಕ್ಕೆ ಒಂದು ಎಚ್ಚರಿಕೆ ಉಂಟು. ಬ್ಯೂಗಲ್‌ನ 'ಸ' ಸಾಮಾನ್ಯವಾಗಿ ಬಿ-ಫ್ಲ್ಯಾಟ್, ಅಂದ್ರೆ ನಮ್ಮ ಲೆಕ್ಕದಲ್ಲಿ ಆರೂವರೆ ಮನೆ. ಪೇಟೆಯಲ್ಲಿ ಸಿಕ್ಕಿದ ಕೊಳಲು ಹತ್ತು ತಂದು ಮಕ್ಕಳ ಕೈಗೆ ಕೊಟ್ರೆ ಅದರಲ್ಲಿ ಎರಡು ಒಂದೇ ಶ್ರುತಿ ಇರುದಿಲ್ಲ. ಬ್ಯೂಗಲ್ ಒಂದು ತಕ್ಕೊಂಡು ಅಂಗಡಿಗೇ ಹೋಗಿ, ಊದಿಸಿ, ಕೂಡಿದ ಕೊಳಲು ಮಾತ್ರ ಆರಿಸಿ ತನ್ನಿ. ಅಂಗಡಿಯವ ಬೈತಾನೆ, ಬೈಯಲಿ.

ಮತ್ತೆ ತಣ್ಣಗಿರುವ ಬ್ಯೂಗಲ್ ಶ್ರುತಿ ಕೆಳಗೆ ಇರ್ತದೆ, ಊದಿ ಬೆಚ್ಚಗಾದ ಮೇಲೆ ಏರ್ತದೆ. ಜನವರಿ ಬೆಳಿಗ್ಗೆ ಏಳು ಗಂಟೆಗೆ ನೇರ ಸಾಲಲ್ಲಿ ನಿಲ್ಲಿಸಿ ಊದಿಸಿದ್ರೆ ಒಂದೊಂದು ಒಂದೊಂದು ಕಡೆ ಹೋಗ್ತದೆ. ಐದು ನಿಮಿಷ ಮೊದಲೇ ಬಿಸಿಯುಸಿರು ಬಿಟ್ಟು ಬೆಚ್ಚಗೆ ಮಾಡಿಸಿ. ಇನ್ನೂ ಒಂದು ತುತ್ತೂರಿ ಮೇಲೆ ಉಳಿದ್ರೆ ಅದರ ಮೌತ್‌ಪೀಸನ್ನು ಒಂದು ಎಳೆಯಷ್ಟು ಹೊರಗೆ ಎಳೆದ್ರೆ ಸಾಕು.

ಸಾಂತಾಕ್ಲಾರಾ ಕನ್ನಡಿಗ
ಕ್ಯಾಲಿಫೋರ್ನಿಯಾದಿಂದ. ನಿಮ್ಮ ಕಮಿಟಿ ಜಗಳ ಅಮೆರಿಕದಲ್ಲಿ ಐವತ್ತು ವರ್ಷದಿಂದ ನಡೀತಾ ಇದೆ! ಇಲ್ಲಿ ಇದಕ್ಕೆ ಡ್ರಮ್ ಅಂಡ್ ಬ್ಯೂಗಲ್ ಕೋರ್ ಅಂತಾರೆ. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರ ಸಂಘಗಳು, ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಥರದವು, ಊರೂರಲ್ಲಿ ಹುಡುಗರ ಕೋರ್ ಕಟ್ಟಿದ್ರು. ಅವರ ಬ್ಯೂಗಲ್ 'ಜಿ' ಶ್ರುತಿಯದ್ದು. ಶುರುವಿನಲ್ಲಿ ವಾಲ್ವ್ ಇರಲಿಲ್ಲ, ಐದೇ ಸ್ವರ. ಆಮೇಲೆ ಒಂದು ಪಿಸ್ಟನ್ ಬಂತು, ಅದನ್ನೂ ಅಡ್ಡಡ್ಡ ಜೋಡಿಸಿದ್ರು. 1970ರ ದಶಕದ ಕೊನೆಗೆ ಎರಡು ವಾಲ್ವ್, 1990ರಲ್ಲಿ ಮೂರು, 2000ರಲ್ಲಿ ಯಾವ ಶ್ರುತಿಯ ಹಿತ್ತಾಳೆ ವಾದ್ಯ ಬೇಕಾದ್ರೂ ಆಗಬಹುದು ಅಂತಾಯ್ತು. 2004ರಿಂದ ಮೈಕೂ ಬಂತು. ಹಳೇ ತಲೆಗಳು ಇವತ್ತಿಗೂ "ಜಿ ಬ್ಯೂಗಲ್ ಹೋದ ದಿನವೇ ಕೋರ್ ಸತ್ತಿತು" ಅಂತ ಜಗಳಕ್ಕೆ ಬರ್ತಾರೆ.

ಈ ಕೋರ್‌ಗಳ ಸ್ಪರ್ಧೆ ನಡೆಸೋ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಊರಲ್ಲಿ ನಡೀತು, ಅನಾಹೈಮ್ ಕಿಂಗ್ಸ್‌ಮೆನ್ ಗೆದ್ರು. ಇಲ್ಲೇ ಪಕ್ಕದ ಸಾಂತಾಕ್ಲಾರಾ ವ್ಯಾನ್‌ಗಾರ್ಡ್ ಕೋರ್ 1967ರದ್ದು. ಆಗಿನ ಅಂಕ ಕೊಡೋ ಪದ್ಧತಿ ಕೇಳಿದ್ರೆ ನಮ್ಮ ಪಿಟಿ ಮೇಷ್ಟ್ರುಗಳಿಗೆ ಖುಷಿಯಾಗತ್ತೆ. ತೀರ್ಪುಗಾರರು ಕ್ಲಿಪ್‌ಬೋರ್ಡ್ ಹಿಡಿದು ಸಾಲಿನ ಮಧ್ಯದಲ್ಲೇ ಓಡಾಡ್ತಿದ್ರು. ಒಂದು ಕಾಲು ತಪ್ಪಿತಾ, ಒಂದು ಕಡ್ಡಿ ಮುಂಚೆ ಬಿತ್ತಾ, ಒಂದು ಗೀಟು, ಅಂಕದಲ್ಲಿ ಹತ್ತನೇ ಒಂದು ಭಾಗ ಖೋತಾ. 1980ರ ದಶಕದ ಮಧ್ಯದ ಹೊತ್ತಿಗೆ ಇದನ್ನ ಕೈಬಿಟ್ಟರು.

ಒಂದೇ ಮಾತು
ಗೀಟು ಪದ್ಧತಿ ನಮ್ಮಲ್ಲಿ ಈಗಲೂ ಇದೆ, ಗೀಟು ಬೆನ್ನ ಮೇಲೆ.

ತಕಧಿಮಿ ಮೈಸೂರು
😂

@ಸಾಂತಾಕ್ಲಾರಾ ಕನ್ನಡಿಗ, ಅವರ ಕಥೆ ಸರಿ. ಆದ್ರೆ ಅವರು ವಾಲ್ವ್ ಹಾಕಿದ್ದು ಸ್ಪರ್ಧೆಗೆ, ಹತ್ತು ನಿಮಿಷದ ಷೋ ಕಟ್ಟೋಕೆ. ನಮ್ಮ ಶಾಲೆಗೆ ಬೇಕಿರೋದು ಮೈದಾನದ ಒಂದು ಸುತ್ತು, ಒಂದು ಸಲಾಮಿ. ಆ ಹೋಲಿಕೆ ಇಟ್ಕೊಂಡು ಟ್ರಂಪೆಟ್ ತಗೊಳ್ಳೋದು ಬೇಡ. ಮೂರು ತಿಂಗಳಲ್ಲಿ 8ನೇ ಕ್ಲಾಸಿನ ಹುಡುಗ ವಾಲ್ವ್ ಬೆರಳುಗಾರಿಕೆನೂ ಕಲಿತು, ತುಟಿನೂ ಕಟ್ಟಿ, ಹೆಜ್ಜೆನೂ ಹಾಕಲ್ಲ.

ಸಾಂತಾಕ್ಲಾರಾ ಕನ್ನಡಿಗ
ಟ್ರಂಪೆಟ್ ತಗೊಳ್ಳಿ ಅಂತ ಹೇಳಿಲ್ಲ ಸ್ವಾಮಿ. ಅವರಿಂದ ಕಲಿಯೋಕೆ ಬೇರೆ ಎರಡಿವೆ. ಒಂದು, ನಡಿಗೆ. ಊದ್ತಾ ನಡೆಯುವಾಗ ಹಿಮ್ಮಡಿ ಮೊದಲು ಊರಿ, ಪಾದ ಉರುಳಿಸಿ ಬೆರಳ ತುದಿಗೆ ಬರಬೇಕು. ನಮ್ಮ ಥರ ಕಾಲು ಎತ್ತಿ ಕುಕ್ಕಿದ್ರೆ ಆ ಅದುರು ಸೀದಾ ಮೌತ್‌ಪೀಸಿಗೆ ಬಂದು ಹಲ್ಲಿಗೆ ಬಡಿಯತ್ತೆ, ಸ್ವರವೂ ಒಡೆಯತ್ತೆ. ಎರಡು, ಹೆಜ್ಜೆ ಅಳತೆ. ಇಲ್ಲಿ ಐದು ಗಜಕ್ಕೆ ಎಂಟು ಹೆಜ್ಜೆ, ಅಂದ್ರೆ ಒಂದು ಹೆಜ್ಜೆ 22.5 ಇಂಚು. ಸೈನ್ಯದ 30 ಇಂಚು 13 ವರ್ಷದ ಮಕ್ಕಳಿಗೆ ತುಂಬಾ ಉದ್ದ.

ಪಿಟಿ ಮೇಡಂ
ಇದು ನೂರಕ್ಕೆ ನೂರು. ಎನ್‌ಸಿಸಿ ಪುಸ್ತಕದಲ್ಲಿ 30 ಇಂಚು ಇದೆ ಅಂತ ಚಿಕ್ಕ ಮಕ್ಕಳಿಗೂ ಅದನ್ನೇ ಹೇರೋದು, ಮುಂದಿನ ಸಾಲು ಓಡತ್ತೆ, ಬೇಸ್ ಡ್ರಮ್ ಹೊತ್ತ ಹುಡುಗ ಏದುಸಿರು ಬಿಡ್ತಾನೆ. 24 ಇಂಚು ಇಟ್ಕೊಳ್ಳಿ. ಮೈದಾನದಲ್ಲಿ ಸುಣ್ಣದ ಗೆರೆ ಎರಡಡಿಗೊಂದು ಎಳೆದು ಒಂದು ವಾರ ಅದರ ಮೇಲೆ ನಡೆಸಿ, ಆಮೇಲೆ ಗೆರೆ ಅಳಿಸಿ.

ಮೂಲೆ ತಿರುಗೋದನ್ನೂ ಎಣಿಸಿಯೇ ಕಲಿಸಬೇಕು. ಐದು ಜನರ ಸಾಲು, ಇಬ್ಬರ ಮಧ್ಯೆ ಐದು ಅಡಿ ಅಂದ್ರೆ ಹೊರಗಿನ ಮಗು 20 ಅಡಿ ತ್ರಿಜ್ಯದ ಕಾಲು ವೃತ್ತ ಸುತ್ತಬೇಕು, ಹತ್ತಿರ ಹತ್ತಿರ 31 ಅಡಿ. ಎರಡಡಿ ಹೆಜ್ಜೆಗೆ ಸುಮಾರು 16. ಒಳಗಿನ ಮಗು ಅಷ್ಟೂ ಹೊತ್ತು ಕದಂ ತಾಲ್ (ನಿಂತಲ್ಲೇ ಹೆಜ್ಜೆ) ಮಾಡ್ತಾ ನಿಧಾನಕ್ಕೆ ಮುಖ ತಿರುಗಿಸಬೇಕು. ಎಲ್ಲರೂ ಕಣ್ಣಂಚಲ್ಲಿ ಹೊರಗಿನವರನ್ನ ನೋಡಬೇಕು. ತಪ್ಪೋದು ಎಲ್ಲಿ ಅಂದ್ರೆ ಒಳಗಿನ ಮಗು ಎಂಟು ಹೆಜ್ಜೆಗೇ ತಿರುಗಿ ಮುಂದೆ ಹೊರಟುಬಿಡತ್ತೆ, ಸಾಲು ಬಾಲದ ಹಾಗೆ ಎಳೆಯತ್ತೆ.

ಬೆಳಗಾವಿ ಬ್ಯೂಗಲ್
ಮೇಡಂ ಲೆಕ್ಕ ಬರೋಬ್ಬರಿ. ಆದ್ರ ಸಾಲಿನ ಹಿಂದಿನವರ ಕಾಲು ಯಾವಾಗ್ಲೂ ತಪ್ಪತಾವಲ್ಲ, ಅದಕ್ಕೇನ ಮದ್ದು? ಡ್ರಮ್ ಕಿವಿಗೊಟ್ಟು ಕೇಳ್ರಿ ಅಂದ್ರ ಕೇಳಂಗಿಲ್ಲ ಹುಡುಗ್ರು.

ತಕಧಿಮಿ ಮೈಸೂರು
ಕೇಳಿದ್ದಕ್ಕೇ ತಪ್ಪೋದು ಸಾರ್! ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಹೋಗತ್ತೆ. ನಿಮಿಷಕ್ಕೆ 120 ಹೆಜ್ಜೆ ಅಂದ್ರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡ್. ಡ್ರಮ್ಮಿಂದ 110 ಅಡಿ ಹಿಂದೆ ಇರೋನಿಗೆ ಏಟು ಒಂದು ಹೆಜ್ಜೆಯ ಐದನೇ ಒಂದು ಭಾಗ ತಡವಾಗಿ ಕೇಳತ್ತೆ. 550 ಅಡಿ ದೂರದಲ್ಲಿ ಎಡಗಾಲಿನ ಏಟು ಸರಿಯಾಗಿ ಬಲಗಾಲಿಗೆ ಬೀಳತ್ತೆ. ದೊಡ್ಡ ಪೆರೇಡಲ್ಲಿ ಬ್ಯಾಂಡ್ ಒಂದು ಕಡೆ ನಿಂತಿರತ್ತೆ, ಆ ತುದಿಯ ತುಕಡಿ ಉಲ್ಟಾ ಕಾಲಲ್ಲಿ ಬರ್ತಿರತ್ತೆ, ಜನ ನಗ್ತಾರೆ. ತಪ್ಪು ಮಕ್ಕಳದ್ದಲ್ಲ, ಗಾಳಿಯದ್ದು.

ಮದ್ದು ಎರಡು. ಬೇಸ್ ಡ್ರಮ್ ಸಾಲಿನ ನಟ್ಟನಡುವೆ ಇರಬೇಕು, ತುದಿಯಲ್ಲಲ್ಲ. ಹಿಂದಿನ ಸಾಲು ಕಿವಿಯನ್ನ ಬಿಟ್ಟು ಮುಂದಿನವನ ಹಿಮ್ಮಡಿಗೆ ಕಣ್ಣು ಕೊಡಬೇಕು.

ಸಾಂತಾಕ್ಲಾರಾ ಕನ್ನಡಿಗ
ಇಲ್ಲಿ ಫುಟ್‌ಬಾಲ್ ಮೈದಾನ 300 ಅಡಿಗೆ 160 ಅಡಿ. ಅದಕ್ಕೇ ನಿಯಮ ಹೀಗೆ ಮಾಡ್ಕೊಂಡಿದ್ದಾರೆ: ಹಿಂದಿರೋ ಡ್ರಮ್ ಸಾಲು ಡ್ರಮ್ ಮೇಜರ್ (ಮುಂದೆ ನಿಂತು ಬ್ಯಾಂಡ್ ನಡೆಸೋರು) ಕೈ ನೋಡಿ ಬಾರಿಸತ್ತೆ, ಮುಂದೆ ನಿಂತಲ್ಲೇ ನುಡಿಸೋರು ಹಿಂದಿನ ಡ್ರಮ್ ಕೇಳಿ ನುಡಿಸ್ತಾರೆ. ಹಿಂದಿಂದ ಬರೋ ಸದ್ದಿನ ಜೊತೆಗೇ ಸೇರಿಕೊಂಡ್ರೆ ಪ್ರೇಕ್ಷಕರಿಗೆ ಎರಡೂ ಒಟ್ಟಿಗೇ ತಲುಪತ್ತೆ. ಮುಂದಿನವರೂ ಕೈ ನೋಡಿ ನುಡಿಸಿದ್ರೆ ಸದ್ದು ಎರಡು ಹೋಳಾಗತ್ತೆ.

ಕುಡ್ಲದ ಕೊಳಲು
ಅಂದ್ರೆ ಬ್ಯೂಗಲ್ ಮುಂದೆ, ಡ್ರಮ್ ಹಿಂದೆ ಸರಿ ಅಂತಾಯ್ತಲ್ಲ! ನಮ್ಮ ಕಡೆ ಯಾವಾಗ್ಲೂ ಮೇಸ್, ಮತ್ತೆ ಬ್ಯೂಗಲ್, ಮತ್ತೆ ಕೊಳಲು, ಮತ್ತೆ ಸೈಡ್ ಡ್ರಮ್, ಬೇಸ್, ಕೊನೆಗೆ ಸಿಂಬಲ್.

ಮಲೆನಾಡು ಮಳೆಗಾಲ
ನಮ್ಮ ಕಡೆ ಡ್ರಮ್ಮೇ ಮುಂದೆ, ಬ್ಯೂಗಲ್ ಹಿಂದೆ. ನೋಡೋಕೆ ಗತ್ತು.

ಪಿಟಿ ಮೇಡಂ
ಗತ್ತಿಗೆ ಹೋಗಿ ಕೊಳಲು ಕೇಳಿಸದ ಹಾಗೆ ಆಗಿರೋದು ಎಷ್ಟು ಕಡೆ ಇಲ್ಲ. ಹದಿನೈದು ಕೊಳಲಿನ ಹಿಂದೆ ನಾಲ್ಕು ಸೈಡ್ ಡ್ರಮ್, ಅದಕ್ಕಿಂತ ಜಾಸ್ತಿ ಬೇಡ. ಇವರ ಹತ್ತಿರ ಆರು ಡ್ರಮ್ ಇದೆ, ಎರಡನ್ನ ಅಭ್ಯಾಸಕ್ಕೆ ಬಿಡಲಿ.

ಹಳೇ ಗೋಡೌನ್
ಅಬ್ಬಾ, ಒಂದೇ ದಿನಕ್ಕೆ ಇಷ್ಟು! ಧನ್ಯವಾದ ಎಲ್ಲರಿಗೂ. ಇನ್ನೆರಡು ಪ್ರಶ್ನೆ. ಡ್ರಮ್ ಪಾಠ ಎಲ್ಲಿಂದ ಶುರು ಮಾಡೋದು? ಧ್ವಜಾರೋಹಣಕ್ಕೆ ಬ್ಯಾಂಡಲ್ಲೇ ರಾಷ್ಟ್ರಗೀತೆ ನುಡಿಸಬೇಕು ಅಂತ ಒಬ್ಬರು ಹಟ ಹಿಡಿದಿದ್ದಾರೆ, ಆಗತ್ತಾ?

ತಕಧಿಮಿ ಮೈಸೂರು
ಬ್ಯೂಗಲ್‌ನಲ್ಲಿ ಆಗಲ್ಲ, ರಿ-ಮ ಇಲ್ಲದೆ ರಾಷ್ಟ್ರಗೀತೆ ಹೇಗೆ? ಕೊಳಲಲ್ಲಿ ಪಕ್ಕಾ ಬಂದ್ರೆ ನುಡಿಸಿ, 52 ಸೆಕೆಂಡಿಗೆ ಮುಗಿಯಬೇಕು. ಅನುಮಾನ ಇದ್ರೆ ಮಕ್ಕಳು ಹಾಡಲಿ. ಆದ್ರೆ ಬ್ಯಾಂಡಲ್ಲಿ ನುಡಿಸಿದ್ರೆ ಗೃಹ ಸಚಿವಾಲಯದ ಆದೇಶದ ಪ್ರಕಾರ ಗೀತೆಗೆ ಮುಂಚೆ ಡ್ರಮ್ ರೋಲ್ (ಬಿಡದೆ ಉರುಳೋ ಏಟು) ಬರಬೇಕು, ಜನ ಎದ್ದು ನಿಂತ್ಕೊಳ್ಳಲಿ ಅಂತ. ಅದರ ಉದ್ದ ಧೀರೇ ಚಲ್‌ನ (ನಿಧಾನ ನಡಿಗೆಯ) ಏಳು ಹೆಜ್ಜೆ. ಮೆಲ್ಲಗೆ ಶುರುವಾಗಿ, ಆದಷ್ಟು ಜೋರಿಗೆ ಏರಿ, ಮತ್ತೆ ಇಳಿದು, ಏಳನೇ ಹೆಜ್ಜೆವರೆಗೂ ಕೇಳಿಸ್ತಿರಬೇಕು. ಒಂದು ಹೆಜ್ಜೆ ಮೌನ. ಆಮೇಲೆ ಗೀತೆ. ನಮ್ಮ ಶಾಲೆಗಳಲ್ಲಿ ಆ ಒಂದು ಹೆಜ್ಜೆ ಮೌನವನ್ನೇ ನುಂಗಿಬಿಡ್ತಾರೆ.

ಈ ರೋಲ್ ಬರಬೇಕು ಅಂದ್ರೆ ಡಬಲ್ ಸ್ಟ್ರೋಕ್ ಬರಬೇಕು. ಬಲ-ಬಲ, ಎಡ-ಎಡ. ಹಳೇ ಮೇಷ್ಟ್ರುಗಳು "ಡ್ಯಾಡಿ-ಮಮ್ಮಿ" ಅಂತ ಹೇಳಿಸ್ತಿದ್ದದ್ದು ಇದೇ. ಶುರುವಿನ ಎರಡು ವಾರ ಡ್ರಮ್ ಮುಟ್ಟಿಸಬೇಡಿ. ಹಳೇ ಟೈರ್ ಟ್ಯೂಬ್ ತುಂಡನ್ನ ಹಲಗೆಗೆ ಮೊಳೆ ಹೊಡೆದು ಕೊಡಿ. ಕ್ರಮ ಹೀಗೆ: ಒಂಟಿ ಏಟು, ಜೋಡಿ ಏಟು, ಆಮೇಲೆ ಪ್ಯಾರಡಿಡಲ್. ಪ್ಯಾರಡಿಡಲ್ ಅಂದ್ರೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಬಾಯಲ್ಲಿ ತಕಧಿಮಿ ತಕಧಿಮಿ ಹೇಳ್ತಾ ಬಾರಿಸಲಿ, ಪ್ರತಿ 'ತ'ಗೆ ಕೈ ಬದಲಾಗತ್ತೆ. 6/8 ಮಾರ್ಚ್ ಇದ್ರೆ ಎಡಗಾಲಿಗೊಂದು ತಕಿಟ, ಬಲಗಾಲಿಗೊಂದು ತಕಿಟ. ಎಡಗೈ ಕಡ್ಡಿಯನ್ನ ಅಂಗೈ ಮೇಲೆ ಮಾಡಿ ಹಿಡಿಯೋದು ಶೋಕಿಗಲ್ಲ. ಪಟ್ಟಿ ಬಲಭುಜದಿಂದ ಇಳಿದು ಡ್ರಮ್ ಎಡತೊಡೆ ಮೇಲೆ ಓರೆಯಾಗಿ ಕೂರತ್ತೆ, ಎಡಗೈ ಮೇಲಿಂದ ಹಿಡಿದ್ರೆ ಮೊಣಕೈ ಆಕಾಶ ನೋಡತ್ತೆ.

ಮಲೆನಾಡು ಮಳೆಗಾಲ
ಹೊರಡೋ ಕ್ರಮನೂ ಬರೆದುಬಿಡಿ. ಅಪ್ಪಣೆ ಆದ ಕೂಡಲೇ ಮೂರು ಹೆಜ್ಜೆ ರೋಲ್, ನಾಲ್ಕನೇದು ಖಾಲಿ, ಮತ್ತೆ ಮೂರು ರೋಲ್, ಎಂಟನೇದು ಖಾಲಿ, ಒಂಬತ್ತನೇ ಹೆಜ್ಜೆ ಎಡಗಾಲು, ಅಲ್ಲಿಂದ ಹಾಡು. ನಿಲ್ಲಿಸೋಕೆ ಬೇಸ್ ಡ್ರಮ್ ಜೋಡಿ ಏಟು. ಅದು ಬಿದ್ದ ಮೇಲೆ ಹಾಡಿನ ಆ ಸಾಲು ಮುಗಿಸಿ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಹಾಗಾಗಿ ಸೆಟ್ಟಲ್ಲಿ ಅತ್ಯಂತ ನಂಬಿಕಸ್ಥ ಮಗುವಿಗೆ ಬೇಸ್ ಡ್ರಮ್ ಕೊಡಿ, ದಪ್ಪಗಿರೋ ಮಗುವಿಗಲ್ಲ! 28 ಇಂಚು ಹೊತ್ರೆ 8ನೇ ಕ್ಲಾಸಿನವರಿಗೆ ಮುಂದಿನ ದಾರಿಯೇ ಕಾಣಲ್ಲ, 22 ಅಥವಾ 24 ಇಂಚಿನದು ಎರವಲು ಸಿಗತ್ತಾ ನೋಡಿ. ಆ ಹುಲಿಪಟ್ಟೆ ಬಟ್ಟೆ ಎಲ್ಲಾದ್ರೂ ಸಿಕ್ಕಿದ್ರೆ ಬಿಸಾಡಬೇಡಿ. ಅಲಂಕಾರಕ್ಕೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ, ಅಂಗಿಯ ಗುಂಡಿ ಡ್ರಮ್ಮಿಗೆ ಉಜ್ಜದೆ ಇರಲಿ ಅಂತ ಅದು.

ಬೆಳಗಾವಿ ಬ್ಯೂಗಲ್
ಬ್ಯೂಗಲ್ ಪಾಠ ಉಳೀತು. ಮೊದಲನೇ ವಾರ ಬರೇ ಮೌತ್‌ಪೀಸ್. ತುಟಿ ಅಂಚು ಬಿಗಿ, ನಡುವ ಮೆತ್ತಗ, ಝೂಂ ಅಂತ ಸದ್ದು ಬರಬೇಕು. ಗಲ್ಲ ಉಬ್ಬಿಸಬಾರದು. ಒಂದ ಸಲಕ್ಕ ಹದಿನೈದು ನಿಮಿಷ, ಆಮ್ಯಾಲ ಅಷ್ಟ ಹೊತ್ತು ಬಿಡುವು. ಮೊದಲ ನಡುವಿನ 'ಪ' ಹಿಡಸ್ರಿ, ಅದು ಗಟ್ಟಿ ಆದ ಮ್ಯಾಲ ಮ್ಯಾಲಿನ 'ಸ', ಆಮ್ಯಾಲ 'ಗ'. ತುದಿಯ 'ಪ'ಕ್ಕ ಅವಸರ ಮಾಡಬ್ಯಾಡ್ರಿ. ಅದು ಸಿಗದಾಗ ಹುಡುಗ್ರು ತುತ್ತೂರಿ ಬಾಯಿಗೆ ಒತ್ತತಾರ, ರಕ್ತ ಓಡಾಡೂದು ನಿಂತು ತುಟಿ ಜೋಮು ಹಿಡೀತದ, ಅಲ್ಲಿಗೆ ಅವತ್ತಿನ ಊದೂದು ಮುಗೀತು. ಒತ್ತಿದವರ ತುಟಿ ಮ್ಯಾಲ ಕೆಂಪು ಬಳಿ ಮೂಡಿರ್ತದ, ನೋಡಿದ್ರ ಗೊತ್ತಾಗತದ. ಸ್ವರ ಬಿಡಿಸಾಕ ನಾಲಿಗಿ 'ತು', ಜಲ್ದಿ ಇದ್ರ 'ತು-ಕು'.

ಪಿಟಿ ಮೇಡಂ
ಒಂದು ಮೌತ್‌ಪೀಸ್ ಒಂದು ಮಗುವಿಗೆ. ಹಂಚಿಕೊಳ್ಳೋ ಹಾಗಿಲ್ಲ. ಹಂಚಲೇಬೇಕಾದ್ರೆ ಪ್ರತಿ ಸಲ ಸೋಪು ನೀರು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿರೋ ಮಕ್ಕಳಿಗೆ ಡ್ರಮ್ಮೋ ಕೊಳಲೋ ಕೊಡಿ.

ಕುಡ್ಲದ ಕೊಳಲು
ಟ್ರಂಪೆಟ್ ಪಕ್ಷದವರು ಒಬ್ಬರೂ ಬರ್ಲಿಲ್ಲವಾ ಇಲ್ಲಿ? ಅವರ ಪರ ಒಂದು ಮಾತು ಹೇಳ್ತೇನೆ. ಮೂರು ತಿಂಗಳಿಗೆ ಬೇಡ, ಸರಿ. ಮುಂದಿನ ಐದು ವರ್ಷಕ್ಕೆ? ಬ್ಯೂಗಲ್‌ನಲ್ಲಿ ತುಟಿ ಕಟ್ಟಿದ ಮಕ್ಕಳು 10ನೇ ಕ್ಲಾಸಿಗೆ ಬರುವಾಗ ಇಬ್ಬರಿಗೆ ಟ್ರಂಪೆಟ್ ಕೊಟ್ಟು ನೋಡಿ, ತುಟಿಯ ಕೆಲಸ ಅದೇ, ಬೆರಳು ಮಾತ್ರ ಹೊಸತು. ಮೈಸೂರಲ್ಲಿ ಪೊಲೀಸ್ ಬ್ಯಾಂಡಿನವರು ಪಾಶ್ಚಾತ್ಯ ವಾದ್ಯದಲ್ಲಿ ಕೀರ್ತನೆ ನುಡಿಸುದಿಲ್ಲವಾ?

ತಕಧಿಮಿ ಮೈಸೂರು
ಅದಕ್ಕೆ ತಕರಾರಿಲ್ಲ. ಆದ್ರೆ ಆರು ಬ್ಯೂಗಲ್ ಜೊತೆ ಟ್ರಂಪೆಟ್ ಸೇರಿಸಿದ ದಿನ ಆ ಗಾಂಧಾರ ಕಿತ್ತಾಡತ್ತೆ, ನೋಡ್ತಿರಿ.

ಹಿತ್ತಾಳೆ ರಿಪೇರಿ
ಹೊಸದು ಕೊಳ್ಳೋದೇ ಆದ್ರೆ ಆರೂ ಒಂದೇ ತಯಾರಕರದ್ದು, ಒಂದೇ ಸಲ ತನ್ನಿ. ನಮ್ಮಲ್ಲಿ ಸಿಗೋದು ಬಹುಪಾಲು ಮೀರತ್ ಕಡೆ ಮಾಲು, ಅಲ್ಲಿನ ಜಾಲಿ ಕೋಠಿ ಅನ್ನೋ ಪ್ರದೇಶ ಈ ಕೆಲಸಕ್ಕೇ ಹೆಸರುವಾಸಿ. ಆದ್ರೆ ಬೇರೆ ಬೇರೆ ಕಾರ್ಖಾನೆಯವನ್ನ ಬೆರೆಸಿದ್ರೆ ಶ್ರುತಿ ಕೂಡಿಸೋದ್ರಲ್ಲೇ ಜನವರಿ ಬಂದುಬಿಡತ್ತೆ.

ಒಂದೇ ಮಾತು
ಸಿಂಬಲ್ ಪಾಪ ಯಾರಿಗೂ ಬೇಡ.

ಮಲೆನಾಡು ಮಳೆಗಾಲ
ಅದಕ್ಕೂ ಹೇಳಿಬಿಡೋಣ. ಎರಡೂ ತಟ್ಟೆ ನೇರ ಎದುರುಬದುರು ಹೊಡೆದ್ರೆ ನಡುವೆ ಗಾಳಿ ಸಿಕ್ಕಿಕೊಂಡು 'ಡಪ್' ಅನ್ನತ್ತೆ, ಅಷ್ಟೇ. ಒಂದು ಇಂಚು ಮೇಲೆ ಕೆಳಗೆ, ಸ್ವಲ್ಪ ಓರೆ, ಜಾರಿಸಿ ಹೊಡೀಬೇಕು. ಹಿಡಿಯೋಕೆ ಮರದ ಗುಬುಟು ಹಾಕಿಸಬೇಡಿ, ನಡುವೆ ಬಿರುಕು ಬರತ್ತೆ, ತೊಗಲಿನ ಪಟ್ಟಿ ಗಂಟೇ ಸರಿ. ಟ್ರಯಾಂಗಲ್ ಸಣ್ಣ ದಾರದಲ್ಲಿ ತೂಗಾಡಬೇಕು, ಕೈಯಲ್ಲಿ ಹಿಡಿದ್ರೆ ಸದ್ದು ಸಾಯತ್ತೆ.

ಹಳೇ ಗೋಡೌನ್
ಕಮಿಟಿಗೆ ಇದನ್ನೇ ಪ್ರಿಂಟ್ ತೆಗೆದು ಕೊಟ್ಟೆ. ಬ್ಯೂಗಲ್ ಉಳೀತು. ಎರಡೂ ಮೌತ್‌ಪೀಸ್ ಐಸ್ ಉಪಾಯಕ್ಕೇ ಬಂದವು. ಈಗ ಮೇಸ್ ಯಾರು ಹಿಡೀಬೇಕು ಅನ್ನೋ ಜಗಳ ಶುರುವಾಗಿದೆ.

ಪಿಟಿ ಮೇಡಂ
ಎತ್ತರ ನೋಡಿ ಕೊಡಬೇಡಿ, ದನಿ ನೋಡಿ ಕೊಡಿ. ಮೇಸ್ ಸಂಜ್ಞೆ ನಾಲ್ಕೇ ಇರಲಿ: ಹೊರಡು, ಕದಂ ತಾಲ್, ತಿರುಗು, ನಿಲ್ಲು. ಮೊದಲೇ ಬರೆದು ಎಲ್ಲರಿಗೂ ಹಂಚಿ. ಮೇಸ್ ಎಸೆದು ಹಿಡಿಯೋದು ಮಾತ್ರ ಜನವರಿ 26ಕ್ಕೆ ಬೇಡ.

ಒಂದೇ ಮಾತು
ಎಸೆಯಲಿ ಬಿಡಿ ಮೇಡಂ, ಜನ ಬರೋದೇ ಅದನ್ನ ನೋಡೋಕೆ.